ಹೂಂಕಾರದ ಹಡಗು

ನಮ್ಮ ಹಲ್ಲು ಡಾಕ್ಟರಿಗೆ ಈ ಲೋಕದಲ್ಲಿ ಯಾರ ಮೇಲೂ ಹಗೆಯಿರಲಿಲ್ಲ, ಹೆಂಡತಿಯ ತಮ್ಮನೊಬ್ಬನನ್ನು ಬಿಟ್ಟು. ಆ ಭಾವಮೈದ ಎಲ್ಲೋ ದೂರದಲ್ಲಿದ್ದಿದ್ದರೆ ಹಾಳಾಗಿ ಹೋಗಲಿ, ಬದುಕಿಕೊಳ್ಳಲಿ ಅನ್ನಬಹುದಿತ್ತು. ಆದರೆ ಅವನ ಟ್ರಾವೆಲ್ ಆಫೀಸು ಇದ್ದದ್ದು ಡಾಕ್ಟರ ಕ್ಲಿನಿಕ್ಕಿನ ಕೆಳಗೇ, ಅದೇ ಕಟ್ಟಡದಲ್ಲಿ. ಕೆನ್ನೆ ಹಿಡಿದುಕೊಂಡು ಬಂದವರು ಮೆಟ್ಟಿಲು ಹತ್ತುವ ಮೊದಲು ಅವನ ಗಾಜಿನ ಬಾಗಿಲಿಗೆ ಅಂಟಿಸಿದ ಹಡಗು, ವಿಮಾನ, ಹಿಮದ ಬೆಟ್ಟಗಳನ್ನು ನೋಡಿಕೊಂಡೇ ಬರಬೇಕು. ಎಷ್ಟೋ ಜನ ಹಲ್ಲುನೋವು ಮರೆತು ಅಲ್ಲೇ ಒಳಗೆ ಹೋಗಿಬಿಡುತ್ತಾರೆ (ಇದು ಡಾಕ್ಟರ ಆರೋಪ, ಪುರಾವೆ ಕೇಳಬೇಡಿ).

ಜಗಳ ಶುರುವಾದದ್ದು ಹಡಗಿನಿಂದ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತಿತ್ತು. ಒಡವೆ ಬೇಡ, ಬಟ್ಟೆ ಬೇಡ, ಹಡಗಿನಲ್ಲಿ ಕರೆದುಕೊಂಡು ಹೋಗಿ ಅಂತ ಹೆಂಡತಿ ಒಂದೇ ಮಾತಿನಲ್ಲಿ ಕೇಳಿದ್ದಳು. ಅದಕ್ಕೊಂದು ಕಾರಣವಿತ್ತು. ಅವರ ಮನೆಯ ಅಡುಗೆಮನೆಗೆ ಇರುವುದೊಂದೇ ಕಿಟಕಿ, ಅದರಾಚೆ ಇರುವುದೊಂದೇ ಗೋಡೆ, ಆ ಗೋಡೆಯ ಮೇಲೆ ಪಕ್ಕದವರ ಬಚ್ಚಲ ಪೈಪು. ಮದುವೆಯಾದಾಗಿನಿಂದ ಆಕೆ ಒಲೆಯ ಮುಂದೆ ನಿಂತು ತಲೆಯೆತ್ತಿದಾಗಲೆಲ್ಲ ಕಂಡದ್ದು ಆ ಪೈಪು. ಪಕ್ಕದವರು ಸ್ನಾನ ಮಾಡಿದರೋ ಇಲ್ಲವೋ ಅಂತ ಅವರ ಮನೆಯವರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ಈಕೆಗೆ.

"ಮಲಗಿದ ಕಡೆಯಿಂದಲೇ ಸಮುದ್ರ ಕಾಣ್ಬೇಕು ರೀ. ಕಿಟಕಿ ಇರೋ ರೂಮು. ಅದೊಂದು ಇದ್ರೆ ಇನ್ನೇನೂ ಕೇಳಲ್ಲ."

"ಹೂಂ," ಅಂದರು ಡಾಕ್ಟರು.

ಈ 'ಹೂಂ' ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಕ್ಲಿನಿಕ್ಕಿನಲ್ಲಿ ಡಾಕ್ಟರು ಹೂಂ ಸ್ವೀಕರಿಸುವವರು. ರೋಗಿಯ ಬಾಯಿಗೆ ಹತ್ತಿ ತುಂಬಿ, "ಪಕ್ಕದ ಹಲ್ಲೂ ಸ್ವಲ್ಪ ಅಲ್ಲಾಡ್ತಿದೆ, ಅದನ್ನೂ ನೋಡಿಬಿಡೋಣ್ವಾ?" ಅನ್ನುತ್ತಾರೆ. ಹತ್ತಿ ತುಂಬಿದ ಬಾಯಿಂದ ಹೂಂ ಬಿಟ್ಟು ಬೇರೇನು ಬಂದೀತು? ಅದು ಒಪ್ಪಿಗೆ. ಮನೆಗೆ ಬಂದರೆ ವ್ಯವಹಾರ ತಲೆಕೆಳಗು. ಹೆಂಡತಿ ಮಾತಾಡುತ್ತಾಳೆ, ಡಾಕ್ಟರು ಹೂಂಗುಟ್ಟುತ್ತಾರೆ. ಕಿವಿಗೂ ಆ ಹೂಂಗೂ ಸಂಬಂಧವಿಲ್ಲ. ಅದು ಮೂಗಿನಿಂದ ತಾನೇ ತಾನಾಗಿ ಹೊರಡುವ ಮಂಗಳವಾದ್ಯ. ಇಪ್ಪತ್ತೈದು ವರ್ಷದ ದಾಂಪತ್ಯ ನಿಂತಿದ್ದದ್ದು ಆ ಒಂದಕ್ಷರದ ಅಡಿಪಾಯದ ಮೇಲೆ.

ಇರಲಿ. ಹೆಂಡತಿಯ ಒತ್ತಾಯಕ್ಕೆ ಡಾಕ್ಟರು ಕೆಳಗಿಳಿದು ಭಾವಮೈದನನ್ನು ರೇಟು ಕೇಳಿದರು. ಅವನು ಕಂಪ್ಯೂಟರ್ ಕುಟ್ಟಿ ಒಂದು ಮೊತ್ತ ಹೇಳಿ, ಹಲ್ಲು ಕಿರಿದು, "ಭಾವ, ನಿಮಗೆ ಅಂತ ಈ ರೇಟು," ಅಂದ.

ಡಾಕ್ಟರಿಗೆ ಪಿತ್ತ ನೆತ್ತಿಗೇರಿತು. 'ನಿಮಗೆ ಅಂತ' ಅನ್ನುವ ಮಾತನ್ನು ಅವರೇ ಕುರ್ಚಿಯಲ್ಲಿ ಕೂತ ಪ್ರತಿಯೊಬ್ಬನಿಗೂ ಹೇಳುತ್ತಾರೆ. ಅದರ ಅರ್ಥ ಅವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಸ್ವಂತ ಭಾವನ ತಲೆ ಬೋಳಿಸಲು ಹೊರಟವನಿಗೆ ಬುದ್ಧಿ ಕಲಿಸದಿದ್ದರೆ ತಾನು ಗಂಡಸೇ ಅಲ್ಲ ಅಂದುಕೊಂಡು ಮೆಟ್ಟಿಲು ಹತ್ತಿದರು.

ದಾರಿ ತೋರಿಸಿದವನು ಒಬ್ಬ ಟೈಲ್ಸ್ ವ್ಯಾಪಾರಿ. ದವಡೆ ಹಲ್ಲಿಗೆ ಸಿಮೆಂಟು ತುಂಬಿಸಿಕೊಳ್ಳಲು ಬಂದವನು ಕುರ್ಚಿಯಲ್ಲಿ ಒರಗಿಕೊಂಡು ತನ್ನ ಹಡಗು ಪ್ರಯಾಣದ ಕಥೆ ತೆಗೆದ.

"ಅದೇ ಹಡಗು ಡಾಕ್ಟ್ರೇ, ಅದೇ ರೂಮು, ಅದೇ ಊಟ. ಇಲ್ಲಿಯೋರಿಗೆ ಒಂದು ರೇಟು, ಅಲ್ಲಿಯೋರಿಗೆ ಇನ್ನೊಂದು ರೇಟು. ಇಲ್ಲಿ ಯಾಕೆ ದುಡ್ಡು ಸುರೀಬೇಕು? ನಾನು ಹೊರದೇಶದ ಏಜೆಂಟ್ ಹತ್ರ ಫೋನಲ್ಲೇ ಮಾಡಿಸ್ದೆ. ಎಷ್ಟು ಉಳೀತು ಅಂತೀರಿ! ಆದ್ರೆ ಒಂದು ವಿಷಯ ನೆನಪಲ್ಲಿ ಇಟ್ಕೊಳ್ಳಿ ಮತ್ತೆ, ಅವರು ಏನಾದ್ರೂ ಕೇಳಿದಾಗ..."

ಅಷ್ಟರಲ್ಲಿ ಡಾಕ್ಟರು ಆನಂದದ ಭರದಲ್ಲಿ ಅವನ ಬಾಯಿಗೆ ಹತ್ತಿ ತುರುಕಿಬಿಟ್ಟರು. ಆ ಒಂದು ವಿಷಯ ಹತ್ತಿಯೊಳಗೇ ಉಳಿಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಡಾಕ್ಟರು ಯುದ್ಧ ಸಾರಿದರು. "ನಿನ್ನ ತಮ್ಮನ ಅಂಗಡೀಲಿ ಸುತರಾಂ ಮಾಡಿಸಲ್ಲ. ಹೊರದೇಶದ ಏಜೆಂಟ್ ಹಿಡಿದಿದೀನಿ."

"ಯಾರೋ ಮುಖ ನೋಡದೋರ ಹತ್ರ ಯಾಕ್ರೀ? ಅವನಾದ್ರೆ ನಮ್ಮೋನು. ಹೆಚ್ಚುಕಮ್ಮಿ ಆದ್ರೆ ಕಿವಿ ಹಿಂಡಿ ಕೇಳಬಹುದು."

"ನಮ್ಮೋನು ಅಂತಲೇ ಅವನು ನಮ್ಮ ಜೇಬಿಗೆ ಕೈ ಹಾಕೋದು."

"ಅವನ ಹತ್ರ ಮಾಡಿಸಿದ್ರೆ ನಿಮ್ಮ ಮೀಸೆ ಮಣ್ಣಾಗುತ್ತೆ ಅಂತ ಹೇಳಿ, ಒಪ್ಕೋತೀನಿ. ರೇಟಿನ ನೆಪ ಹೇಳ್ಬೇಡಿ."

"ಮೀಸೆ ಇರೋದೇ ಮಣ್ಣಾಗದೆ ಇರೋಕೆ," ಅಂದರು ಡಾಕ್ಟರು. (ಅವರಿಗೆ ಮೀಸೆಯಿಲ್ಲ. ಮಾತಿನ ಭರ.)

"ನೀವು ಯಾರ ಹತ್ರನಾದ್ರೂ ಮಾಡಿಸಿ. ನನ್ನ ಕಿಟಕಿ ಮರೀಬೇಡಿ."

"ಹೂಂ."

ಹೊರದೇಶದ ಏಜೆಂಟಮ್ಮನ ಫೋನು ಬಂದದ್ದು ಕ್ಲಿನಿಕ್ಕಿನಲ್ಲಿ ಜನ ಜಾಸ್ತಿ ಇದ್ದ ಹೊತ್ತಿನಲ್ಲಿ. ಕುರ್ಚಿಯಲ್ಲಿ ಒಬ್ಬ ಲೆಕ್ಕದ ಮೇಷ್ಟ್ರು ಬಾಯಿ ತುಂಬ ಹತ್ತಿ ಇಟ್ಟುಕೊಂಡು ಮಲಗಿದ್ದರು. ಡಾಕ್ಟರು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿ, ಒಂದು ಕೈಯಲ್ಲಿ ಇಕ್ಕಳ, ಇನ್ನೊಂದು ಕೈಯಲ್ಲಿ ಮೇಷ್ಟ್ರ ಗದ್ದ ಹಿಡಿದು ಅಂತಾರಾಷ್ಟ್ರೀಯ ವ್ಯವಹಾರಕ್ಕೆ ಇಳಿದರು. ಆಕೆಯ ಇಂಗ್ಲಿಷಿಗೂ ಇವರ ಇಂಗ್ಲಿಷಿಗೂ ಮುಖಪರಿಚಯವಿರಲಿಲ್ಲ. ಅವಳು ಪಟಪಟನೆ ಅರಳು ಹುರಿದಂತೆ ಮಾತಾಡಿದಳು. ಇವರಿಗೆ ಅಲ್ಲೊಂದು 'ಕ್ಯಾಬಿನ್', ಇಲ್ಲೊಂದು 'ವಿಂಡೋ', ನಡುವೆ ಜೇನಿನ ಹನಿಯ ಹಾಗೆ 'ಡಿಸ್ಕೌಂಟ್' ಮಾತ್ರ ಸಿಕ್ಕಿತು. ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳಿ ಅನ್ನುವುದೇ? ಪದವಿ ಪಡೆದ ಡಾಕ್ಟರು, ಅದೂ ರೋಗಿಯ ಮುಂದೆ? ಛೆ ಛೆ. ಮನೆಯಲ್ಲಿ ಕೈಹಿಡಿದ ಮಂತ್ರ ಇಲ್ಲೂ ಕೈಹಿಡಿಯಿತು.

"ಹೂಂ... ಹೂಂ... ಹೂಂ ಹೂಂ."

"ಹೂಂ..." ಅಂತ ಕೆಳಗಿನಿಂದ ಮೇಷ್ಟ್ರೂ ನರಳಿದರು.

ಎರಡೇ ಕಡೆ ಡಾಕ್ಟರು ಬೇರೆ ಉತ್ತರ ಕೊಟ್ಟರು. ಒಂದು ಕಡೆ 'ಎಕ್ಸ್‌ಟ್ರಾ' ಅನ್ನುವ ಶಬ್ದ ಕಿವಿಗೆ ಬಿತ್ತು. ಇಂಥ ಜಾಗದಲ್ಲೇ ತಾನೇ ಜಾಣತನ ಬೇಕಾಗುವುದು! "ಊಹೂಂ!" ಅಂತ ಗುಡುಗಿದರು. ಕೊನೆಯಲ್ಲಿ ಆಕೆ ಏನೋ ಕೇಳುತ್ತ 'ಡೆಂಟಲ್' ಅಂದಳು. ಅಬ್ಬಾ, ನಮ್ಮ ವೃತ್ತಿ ಸಮುದ್ರದಾಚೆಗೂ ಗೊತ್ತಾಗಿದೆ ಅಂತ ಡಾಕ್ಟರ ಎದೆ ಉಬ್ಬಿತು. "ಎಸ್ ಎಸ್, ಡೆಂಟಲ್! ಇಪ್ಪತ್ತೈದು ವರ್ಷದಿಂದ ಡೆಂಟಲ್!" ಅಂತ ತಮ್ಮ ಇಂಗ್ಲಿಷಿನಲ್ಲಿ ಹೆಮ್ಮೆಯಿಂದ ಹೇಳಿದರು. ಆ ಕಡೆಯಿಂದ ಅಯ್ಯೋ ಪಾಪ ಅನ್ನುವಂಥ ಒಂದು ದನಿ ಬಂತು. ಅದು ಗೌರವ ಅಂದುಕೊಂಡರು.

ಸಂಜೆ ಭಾವಮೈದನ ಗಾಜಿನ ಬಾಗಿಲನ್ನು ಎದೆಯಿಂದಲೇ ತಳ್ಳಿಕೊಂಡು ಒಳಗೆ ಹೋದರು. "ಆಯ್ತಪ್ಪ, ಬುಕ್ಕಾಯ್ತು. ನೀನು ಹೇಳಿದ ರೇಟಿಗಿಂತ ಎಷ್ಟೋ ಕಡಿಮೆಗೆ. ಈಗ ಹೇಳು, ನನಗೆ ಅಂತ ಏನಿಟ್ಟಿದೀಯ?"

ಭಾವಮೈದ ಸಿಟ್ಟಾಗಲಿಲ್ಲ. ಅದಕ್ಕೇ ಡಾಕ್ಟರಿಗೆ ಇನ್ನಷ್ಟು ಸಿಟ್ಟು. "ಹೊರಗಡೆ ಬುಕ್ ಮಾಡೋದು ತಪ್ಪಲ್ಲ ಭಾವ. ಎಷ್ಟೋ ಸಲ ಅಲ್ಲಿ ಅಗ್ಗವೇ. ಆದ್ರೆ ಅಗ್ಗ ಯಾಕೆ ಅಂತ ಕೇಳಿದ್ರಾ? ಫೋನಲ್ಲಿ ಏನೇನಕ್ಕೆ ಒಪ್ಕೊಂಡ್ರಿ?"

"ಎಲ್ಲದಕ್ಕೂ! ಬರೀ ಹೂಂ ಅಂದೆ, ಇಳಿಸಿಬಿಟ್ಲು. ಮಾತಾಡದೆ ಚೌಕಾಸಿ ಮಾಡೋದು ನನ್ನಿಂದ ಕಲಿ."

"ಭಾವ, ಅವರಿಗೆ ಒಂದ್ಸಲ ಫೋನ್ ಮಾಡಿ ಕೇಳ್ತೀನಿ..."

"ಮುಟ್ಟಬೇಡ! ನನ್ನ ಹಡಗಿಗೆ ನೀನು ಮೂಗು ತೂರಿಸಬೇಡ."

ಅಂತೂ ಹೊರಡುವ ದಿನ ಬಂತು. ಬಂದರಿನಲ್ಲಿ ನಿಂತಿದ್ದ ಹಡಗು ನೋಡಿ ಹೆಂಡತಿ ಕತ್ತೆತ್ತಿ ನಿಂತುಬಿಟ್ಟಳು. ಬಹುಮಹಡಿ ಕಟ್ಟಡವೊಂದನ್ನು ಎತ್ತಿ ನೀರಿಗಿಟ್ಟ ಹಾಗಿತ್ತು, ಮೈತುಂಬ ಕಿಟಕಿ. "ಇದ್ರಲ್ಲಿ ನಂದು ಯಾವ್ದು ರೀ?" ಅಂತ ಮಗುವಿನ ಹಾಗೆ ಕೇಳಿದಳು. ಡಾಕ್ಟರು ಎದೆ ಸೆಟೆಸಿ ನಿಂತರು. ಸಾರ್ಥಕವಾಯಿತು, ಆ ಭಾವಮೈದನ ಹಂಗಿಲ್ಲದೆ ಸಾರ್ಥಕವಾಯಿತು ಅಂದುಕೊಂಡರು.

ಹಡಗಿನ ಕೌಂಟರಿನ ಹುಡುಗಿ ನಗುನಗುತ್ತ ಎರಡು ಬೀಗದ ಕಾರ್ಡು ಕೊಟ್ಟಳು.

"ಒಂದೇ ಸಾಕಮ್ಮ, ನಾವು ಗಂಡ ಹೆಂಡ್ತಿ," ಅಂದರು ಡಾಕ್ಟರು.

"ಎರಡು ರೂಮು ಸರ್. ಮೇಡಮ್‌ಗೆ ಮೇಲ್ಗಡೆ, ಸಮುದ್ರ ಕಾಣೋ ಒಂಟಿ ರೂಮು. ನಿಮಗೆ ಕೆಳಗಡೆ, ಕಿಟಕಿ ಇಲ್ಲದ ಒಂಟಿ ರೂಮು."

"ಯಾರು ಹೇಳಿದ್ದು ಹಾಗೆ?"

"ನೀವೇ ಸರ್."

ಡಾಕ್ಟರು ಮೇಜು ಗುದ್ದಿದರು. ಹಿಂದಿನ ಸಾಲೆಲ್ಲ ಕತ್ತು ಚಾಚಿತು. "ನಾನು ಅಂಥ ಮಾತು ಆಡೇ ಇಲ್ಲ! ಆ ಏಜೆಂಟಿಗೇ ಫೋನ್ ಹಾಕಮ್ಮ. ಎಲ್ಲರಿಗೂ ಕೇಳೋ ಹಾಗೆ ಹಾಕು! ನ್ಯಾಯ ಇಲ್ಲೇ ತೀರ್ಮಾನ ಆಗ್ಲಿ!"

"ರೀ, ಮೆಲ್ಲಗೆ," ಅಂತ ಹೆಂಡತಿ ತೋಳು ಹಿಡಿದಳು. ಡಾಕ್ಟರು ತೋಳು ಕೊಡವಿಕೊಂಡರು.

ಫೋನು ಹಾಕಲಾಯಿತು. ಏಜೆಂಟಮ್ಮ ವಿನಯವಾಗಿ, ನಮ್ಮಲ್ಲಿ ಎಲ್ಲ ಮಾತೂ ರೆಕಾರ್ಡ್ ಆಗಿರುತ್ತೆ, ಕೇಳಿಸಿಕೊಳ್ಳಿ ಅಂದಳು. ಅಂದು ಪಟಪಟನೆ ಹಾರಿಹೋಗಿದ್ದ ಮಾತುಗಳು ಈಗ ಸ್ಪೀಕರಿನಲ್ಲಿ ಒಂದೊಂದಾಗಿ ಬಂದವು, ಕೌಂಟರಿನ ಹುಡುಗಿ ಒಂದೊಂದನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದಳು.

ಒಬ್ಬೊಬ್ಬರಿಗೆ ಒಂದೊಂದು ಒಂಟಿ ರೂಮು ಉಳಿದಿದೆ, ಅದಕ್ಕೇ ಈ ಡಿಸ್ಕೌಂಟ್, ಆಗಬಹುದೇ?

"ಹೂಂ."

ಒಂದಕ್ಕೆ ಮಾತ್ರ ಕಿಟಕಿ ಇದೆ, ಅದು ನಿಮ್ಮ ಪತ್ನಿಗೆ ಇರಲೇ?

"ಹೂಂ."

ನಿಮ್ಮದು ಇಂಜಿನ್ನಿನ ಹತ್ತಿರ, ಸ್ವಲ್ಪ ಸದ್ದಿರುತ್ತದೆ, ಪರವಾಗಿಲ್ಲವೇ?

"ಹೂಂ ಹೂಂ." ಹಿಂದೆಯೇ ಮೇಷ್ಟ್ರ ನರಳಾಟ.

ಸ್ವಲ್ಪವೇ ಎಕ್ಸ್‌ಟ್ರಾ ಕೊಟ್ಟರೆ ಇಬ್ಬರೂ ಒಟ್ಟಿಗೆ ಕಿಟಕಿಯಿರುವ ದೊಡ್ಡ ರೂಮಿನಲ್ಲಿ ಇರಬಹುದು, ಬೇಕೇ?

"ಊಹೂಂ!"

ಆ ಊಹೂಂ ಬಂದರಿನ ಚಾವಣಿಗೆ ಬಡಿದು ವಾಪಸು ಬಂತು. ಸಾಲಿನಲ್ಲಿ ಯಾರೋ ಕೆಮ್ಮಿದರು. ಹೆಂಡತಿ ಮಾತ್ರ ಗಂಡನ ಮುಖವನ್ನೇ ನೋಡುತ್ತಿದ್ದಳು. ಆಕೆಗೆ ಬೇಸರವಾಗಿದ್ದದ್ದು ರೂಮಿಗಲ್ಲ.

"ಈ ಹೂಂ ನನಗೆ ಗೊತ್ತು," ಅಂದಳು ಮೆಲ್ಲಗೆ. "ದಿನಾ ಕೇಳ್ತೀನಲ್ಲ, ಇದೇ ರಾಗ. ಅಂದ್ರೆ ಇಷ್ಟು ವರ್ಷ ನಾನು ಆಡಿದ್ದು ಒಂದೂ ನಿಮ್ಮ ಕಿವಿಗೆ ಬಿದ್ದಿಲ್ಲ?"

"ಹಾಗಲ್ಲ ಇವಳೇ..."

"ನನ್ನ ಅಮ್ಮನ ಆಪರೇಷನ್ ವಿಷಯ ಹೇಳಿದಾಗ್ಲೂ ಹೂಂ ಅಂದಿದ್ರಿ. ಕೇಳಿಸ್ಕೊಂಡಿದ್ರಾ?"

ಡಾಕ್ಟರ ಬಾಯಿಗೆ ಯಾರೋ ಹತ್ತಿ ತುಂಬಿದ ಹಾಗಾಯಿತು. ರೂಮು ಬದಲಾಯಿಸಲು ಕೇಳಿದರು. ಹಡಗು ಭರ್ತಿ ಅಂದಳು ಹುಡುಗಿ. ಹೆಂಡತಿ ತನ್ನ ಕಾರ್ಡು ತೆಗೆದುಕೊಂಡು, ತಲೆಯೆತ್ತಿಕೊಂಡು, ಹಡಗು ಹತ್ತಿ ಲಿಫ್ಟಿನಲ್ಲಿ ಮೇಲೆ ಹೋದಳು. ಡಾಕ್ಟರು ಕೆಳಗೆ ಹೋದರು.

ಕೆಳಗಿನ ರೂಮಿನಲ್ಲಿ ಗೋಡೆಯ ಮೇಲೆ ಚೆಂದದ ಪರದೆ ಇಳಿಬಿಟ್ಟಿದ್ದರು. ಡಾಕ್ಟರು ಆಸೆಯಿಂದ ಸರಿಸಿದರು. ಹಿಂದೆ ಬರೀ ಗೋಡೆ. ಗೋಡೆಯ ಮೇಲೊಂದು ಪೈಪು. ಯಾರೋ ಸ್ನಾನ ಮಾಡಿದರು ಅಂತ ತೋರುತ್ತದೆ, ಅದು ಗೊಳಗೊಳ ಅಂತು. ಹಾಸಿಗೆಯ ಅಂಚಿನಲ್ಲಿ ಕೂತು ಆ ಪೈಪನ್ನು ಬಹಳ ಹೊತ್ತು ನೋಡಿದರು. ಅಡುಗೆಮನೆಯ ಕಿಟಕಿ ನೆನಪಿಗೆ ಬಂದು ಮನಸ್ಸು ಚುರ್ ಅಂದಿತು. ಆದರೂ ಬಗ್ಗಬಾರದು ಅಂದುಕೊಂಡರು. ರೇಟಂತೂ ಕಡಿಮೆಯೇ!

ರಾತ್ರಿ ಊಟದ ಕೋಣೆಯಲ್ಲಿ ಸುತ್ತಲಿನವರೆಲ್ಲ ಕರುಂಕುರುಂ ಅಂತ ಏನೇನೋ ಹುರಿದದ್ದು ಕರಿದದ್ದು ಅಗಿಯುತ್ತಿದ್ದರು. ಡಾಕ್ಟರ ಮುಂದೆ ಮಾತ್ರ ಒಂದು ಬಟ್ಟಲು ಬಿಳಿ ಗಂಜಿಯಂಥದ್ದು ಬಂತು, ಜೊತೆಗೆ ಪುಟ್ಟ ಚಮಚ. ಬಡಿಸುವವನು ಬಗ್ಗಿ, ಕಿವಿಯ ಹತ್ತಿರ, ಕನಿಕರದಿಂದ ಹೇಳಿದ:

"ಪಾಪ, ಇಪ್ಪತ್ತೈದು ವರ್ಷದಿಂದ ಹಲ್ಲಿನ ತೊಂದರೆ ಅಂತೆ. ಅಗಿಯೋ ಹಾಗಿಲ್ಲ ಅಲ್ವಾ ಸರ್? ನಿಮಗೆ ಅಂತಲೇ ಮಾಡಿಸಿದ್ದು."

ಎದುರಿಗೆ ಕೂತಿದ್ದ ಹೆಂಡತಿ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಳು. ಡಾಕ್ಟರು ಹಲ್ಲು ಕಡಿದರು. ಅವರಿಗೆ ಅಗಿಯಲು ಸಿಕ್ಕಿದ್ದು ಅದೊಂದೇ.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ, ಸೋಲೊಪ್ಪದ ಮುಖ ಹೊತ್ತು, ಡಾಕ್ಟರು ಮೇಲಿನ ರೂಮಿನ ಬಾಗಿಲು ತಟ್ಟಿದರು. ಹೆಂಡತಿ ಕಿಟಕಿಯ ಪಕ್ಕ ಕಾಲು ನೀಡಿ ಕೂತಿದ್ದಳು. ಆಚೆ ನೋಡಿದಷ್ಟೂ ಸಮುದ್ರ, ನೀಲಿಯೋ ನೀಲಿ. ಎಲ್ಲೂ ಒಂದು ಪೈಪಿಲ್ಲ. ಆಕೆಯ ಮುಖದಲ್ಲಿ ಅಂಥ ಸಂತೋಷವನ್ನು ಡಾಕ್ಟರು ಮದುವೆಯ ದಿನವೂ ನೋಡಿರಲಿಲ್ಲ. ಒಂದು ಗಳಿಗೆ ನಿಂತರು. ಆಮೇಲೆ ವಾದಕ್ಕೆ ಇಳಿದರು.

"ಏನೇ ಹೇಳು, ಕಿಟಕಿ ಸಿಕ್ತೋ ಇಲ್ವೋ ನಿನಗೆ?"

"ಹೂಂ."

"ರೇಟು ಕಡಿಮೆ ಆಯ್ತೋ ಇಲ್ವೋ?"

"ಹೂಂ."

"ನಿನ್ನ ತಮ್ಮ ಆಗಿದ್ರೆ ನಮ್ಮ ತಲೆ ನುಣ್ಣಗೆ ಬೋಳಿಸ್ತಿದ್ದ. ಹೌದು ತಾನೇ?"

"ಹೂಂ."

ಡಾಕ್ಟರಿಗೆ ಹಿಗ್ಗೋ ಹಿಗ್ಗು. ಜೀವಮಾನದಲ್ಲಿ ಮೊದಲ ಸಲ ಹೆಂಡತಿ ಸಾಲಾಗಿ ಮೂರು ಮಾತು ಒಪ್ಪಿದ್ದಳು! ನಾಲ್ಕನೆಯದಕ್ಕೆ ಬಾಯಿ ತೆಗೆದವರಿಗೆ ಏನೋ ಅನುಮಾನ ಬಂತು. ಆ ರಾಗ ಎಲ್ಲೋ ಕೇಳಿದ ಹಾಗಿತ್ತಲ್ಲ? ಸ್ವಲ್ಪ ತಡೆದು, ಮೆತ್ತಗೆ ಕೇಳಿದರು.

"ನಾನು ಸಮುದ್ರಕ್ಕೆ ಹಾರ್ಲೇನೇ?"

"ಹೂಂ," ಅಂದಳು ಆಕೆ, ಅಲೆಗಳ ಮೇಲಿಂದ ಕಣ್ಣು ತೆಗೆಯದೆ.

ಡಾಕ್ಟರು ಹತಾಶರಾಗಲಿಲ್ಲ. ಎಷ್ಟಾದರೂ ಹೂಂ ಅಂದರೆ ಒಪ್ಪಿಗೆ. ಅದು ಅವರ ಕ್ಲಿನಿಕ್ಕಿನ ಕಾಯಿದೆ. ಇದೇ ಸಮಯ ಅಂದುಕೊಂಡು, ಬೀಗದ ಕಾರ್ಡು ಮುಂದೆ ಚಾಚಿ, ಆದಷ್ಟು ಸಹಜವಾದ ದನಿಯಲ್ಲಿ, ಅದೇ ಉಸಿರಿನಲ್ಲಿ ಸೇರಿಸಿದರು.

"ಇವತ್ತೊಂದಿನ ರೂಮು ಬದಲಾಯಿಸ್ಕೊಳ್ಳೋಣ್ವಾ?"

"ಊಹೂಂ!"