ಒಂದು ನಿಮಿಷದ ಥ್ಯಾಂಕ್ಸ್

ಟಿ.ವಿ. ಚಾನೆಲ್ಲಿನ ಹುಡುಗಿ ಫೋನಿನಲ್ಲಿ ಹೇಳಿದ್ದು ಇಷ್ಟೇ. "ಪ್ರಶಸ್ತಿ ತಗೊಂಡ ಮೇಲೆ ಥ್ಯಾಂಕ್ಸ್ ಹೇಳೋದಕ್ಕೆ ನಿಮಗೆ ಒಂದು ನಿಮಿಷ ಇರುತ್ತೆ ಸಾರ್." ಈ ಮಾತನ್ನು ಗಾಯಕ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದರೆ ಅವತ್ತಿನ ದಿನ ಸುಖವಾಗಿ ಕಳೆಯುತ್ತಿತ್ತು. ಆದರೆ ಬೆಳಿಗ್ಗೆ ಎದ್ದು, ಹಳೆಯ ಹಳದಿ ಜಾಕೆಟ್ಟನ್ನು ಸೊಂಟದ ಹತ್ತಿರ ಸ್ವಲ್ಪ ಬಿಡಿಸಿಕೊಂಡು ಬರೋಣ ಅಂತ ಕಟ್ಟಡದ ಕೆಳಗಿನ ಟೈಲರ್ ಹತ್ತಿರ ಹೋದವನು, ಅಳತೆ ಕೊಡುತ್ತಾ ಕೊಡುತ್ತಾ ಬಾಯಿ ಬಿಟ್ಟುಬಿಟ್ಟ.

ಈ ಗಾಯಕ ಯಾರು ಅಂತ ಹೇಳಬೇಕಲ್ಲ. ಇಪ್ಪತ್ತೈದು ವರ್ಷದ ಹಿಂದೆ ಒಂದು ಮ್ಯೂಸಿಕ್ ವಿಡಿಯೋ ಬಂದಿತ್ತು, ಬೇಕಿದ್ದರೆ ಮನೆಯಲ್ಲಿ ದೊಡ್ಡವರನ್ನು ಕೇಳಿ ನೋಡಿ. ಹಳದಿ ಜಾಕೆಟ್ ತೊಟ್ಟ ಸಣಕಲು ಹುಡುಗ ಮಹಡಿಯ ಮೇಲೆ ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಹಾಡುತ್ತಾನೆ, ಉದ್ದ ಕೂದಲು ಗಾಳಿಗೆ ಹಾರುತ್ತದೆ. ಹಾಡಿಗಿಂತ ಕೂದಲಿಗೇ ಹೆಚ್ಚು ಹೆಸರು ಬಂತು. ಅದರ ಪುಣ್ಯದಿಂದ ಒಂದು ಸಿನಿಮಾ ಸಿಕ್ಕಿತು. ನಾಯಕ ಬರುವ ತನಕ ನಾಯಕಿಯ ಎದುರು ಹಲ್ಲು ಕಿರಿದುಕೊಂಡು ಹಾಡುವ ಪಾತ್ರ. ನಾಯಕ ಬಂದ, ಕೆನ್ನೆಗೆ ಒಂದು ಬಿಟ್ಟ, ಪಾತ್ರ ಮುಗಿಯಿತು. ಆಮೇಲೆ ಧಾರಾವಾಹಿಗಳಿಗೆ ಶೀರ್ಷಿಕೆ ಗೀತೆ, ಮಕ್ಕಳ ಹಾಡಿನ ಸ್ಪರ್ಧೆಯಲ್ಲಿ ಮೂರನೇ ಜಡ್ಜು. ಈಗ ಕೂದಲೂ ಕೈಕೊಟ್ಟಿದೆ. ಅಕ್ಕ ಭಾವನ ಜೊತೆ ಅದೇ ಟ್ಯಾಂಕಿನ ಕೆಳಗಿನ ಮನೆಯಲ್ಲಿದ್ದಾನೆ. ಕಟ್ಟಡದವರು ಅವನನ್ನು ಇನ್ನೂ ಸ್ಟಾರ್ ಅಂತಲೇ ಕರೆಯುತ್ತಾರೆ, ಅರ್ಧ ಪ್ರೀತಿ, ಅರ್ಧ ತಮಾಷೆ. ಅವನಿಗೆ ಅದರ ಬೇಸರವಿಲ್ಲ. ಇಷ್ಟು ವರ್ಷ ಹಾಡಿಕೊಂಡೇ ಹೊಟ್ಟೆ ತುಂಬಿತಲ್ಲ, ಇನ್ನೇನು ಬೇಕು ಅನ್ನುವ ಸ್ವಭಾವ.

ಟೈಲರ್ ಬಾಯಲ್ಲಿದ್ದ ಗುಂಡುಪಿನ್ನನ್ನು ತೆಗೆದು ಮೇಜಿನ ಮೇಲಿಟ್ಟ. ಗಂಭೀರ ವಿಷಯ ಬಂದರೆ ಮಾತ್ರ ಅವನು ಹಾಗೆ ಮಾಡುವುದು. ಈ ಜಾಕೆಟ್ ಹೊಲಿದವನು ಯಾರು ಅಂತ ಇಡೀ ದೇಶಕ್ಕೆ ಇವತ್ತು ಗೊತ್ತಾಗುತ್ತದಲ್ಲ, ಎಂದ. ಗಾಯಕ ಖಂಡಿತ ಎಂದ. ಸುಮ್ಮನೆ ಅಂದದ್ದಲ್ಲ. ಆಗ ಬಟ್ಟೆ ಸಾಲದೆ ಬಂದಾಗ ಪರದೆಯ ತುಂಡು ಸೇರಿಸಿ ಜಾಕೆಟ್ ಮಾಡಿಕೊಟ್ಟ ಮನುಷ್ಯನನ್ನು ನೆನೆಯದೆ ಇರುವುದು ಹೇಗೆ?

ಅವನು ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ಮೊದಲನೇ ಮಹಡಿಯಲ್ಲಿ ಮನೆ ಓನರ್ ಅಡ್ಡ ನಿಂತರು. ಟ್ಯಾಂಕ್ ಅವರದು. ಶೂಟಿಂಗಿಗೆ ಅವತ್ತು ಬಿಟ್ಟಿಯಾಗಿ ಬಿಟ್ಟಿದ್ದರು, ಕಟ್ಟಡಕ್ಕೆಲ್ಲ ಒಂದು ದಿನ ನೀರು ಬಂದ್ ಮಾಡಿ. ಎರಡನೇ ಮಹಡಿಯಲ್ಲಿ ಹಲ್ಲಿನ ಡಾಕ್ಟರು. ಸಿನಿಮಾದಲ್ಲಿ ಕಿರಿದ ಆ ಹಲ್ಲುಗಳಲ್ಲಿ ಮುಂದಿನ ಎರಡು ಅವರ ಕೈಕೆಲಸ. ಮನೆ ಬಾಗಿಲಲ್ಲಿ ಭಾವ. ರೆಕಾರ್ಡಿಂಗಿಗೆ ಸ್ಕೂಟರಿನಲ್ಲಿ ಕರೆದುಕೊಂಡು ಹೋದದ್ದು ತಾನು ಎಂದು ನೆನಪಿಸಿ, ಅವತ್ತು ತನಗೆ ರಜೆ ಕೊಟ್ಟ ಮ್ಯಾನೇಜರನ್ನೂ ಒಂದು ಮಾತಿನಲ್ಲಿ ಸೇರಿಸಿದರೆ ಬಡ್ತಿಗೆ ಅನುಕೂಲ ಎಂದರು.

ಹತ್ತು ಗಂಟೆಗೆಲ್ಲ ಮೆಟ್ಟಿಲ ಮೇಲೆ ಸಭೆ. ಯಾರು ಮೊದಲು ಎನ್ನುವುದೇ ಜಗಳ.

"ಟ್ಯಾಂಕ್ ಇಲ್ಲದಿದ್ರೆ ಎಲ್ಲಿ ನಿಂತು ಹಾಡ್ತಿದ್ದ?" ಎಂದರು ಓನರ್.

"ಜಾಕೆಟ್ ಇಲ್ಲದೆ ನಿಂತಿದ್ರೆ ಪೊಲೀಸರು ಬರ್ತಿದ್ರು," ಎಂದ ಟೈಲರ್.

ಹಾಡು ಯಾವುದೇ ಆಗಲಿ, ಹಲ್ಲು ದಾಟಿಕೊಂಡೇ ಹೊರಗೆ ಬರಬೇಕು ಎಂದು ಡಾಕ್ಟರು ವೈದ್ಯಕೀಯವಾಗಿ ವಿವರಿಸಿದರು. ಕೊನೆಗೆ ಓನರ್ ಕೈಗಡಿಯಾರ ಹಿಡಿದು ನಿಂತರು. ಗಾಯಕ ಬಾಯಿಪಾಠ ಒಪ್ಪಿಸಿದ. ಟ್ಯಾಂಕು, ಜಾಕೆಟ್ಟು, ಹಲ್ಲು, ಸ್ಕೂಟರು, ಮ್ಯಾನೇಜರು. ಮೊದಲ ಸಲ ಮ್ಯಾನೇಜರು ಹೊರಗುಳಿದರು. ಎರಡನೇ ಸಲ ಉಸಿರು ಬಿಡುವುದನ್ನು ನಿಲ್ಲಿಸಿದ, ಎಲ್ಲರೂ ಒಳಗೆ ಬಂದರು.

"ಅಕ್ಕನ ವಿಷಯ ಹೇಳೋಕೆ ಜಾಗವೇ ಇಲ್ಲವಲ್ಲ," ಎಂದ ಗಾಯಕ ಏದುಸಿರು ಬಿಡುತ್ತಾ.

ಮನೆಯವರಿಗೆ ಯಾರಾದರೂ ಟಿ.ವಿ.ಯಲ್ಲಿ ಥ್ಯಾಂಕ್ಸ್ ಹೇಳುತ್ತಾರೇನು, ನೋಡಿದವರು ನಗುತ್ತಾರೆ ಎಂದರು ಭಾವ. ಎಲ್ಲರೂ ಹೌದು ಹೌದು ಎಂದರು. ಹೇಳದೆ ಏನು ಮಾಡುತ್ತಾರೆ, ನಿಮಿಷ ಭರ್ತಿಯಾಗಿತ್ತು.

ಗಾಯಕ ಒಳಗೆ ಹೋದ. ಅಕ್ಕ ಸೊಂಟ ಬಿಡಿಸಿ ಬಂದ ಜಾಕೆಟ್ಟಿಗೆ ಇಸ್ತ್ರಿ ಹಾಕುತ್ತಿದ್ದಳು. ಅವಳದು ಮೊದಲಿನಿಂದಲೂ ಕಡಿಮೆ ಮಾತು. ತಲೆ ಎತ್ತದೆ ಹೇಳಿದಳು, "ಮೆಟ್ಟಿಲ ಮೇಲಿನದೆಲ್ಲ ಕೇಳಿಸ್ತು. ಅಲ್ಲಿ ಹೋಗಿ ನನ್ನ ಸುದ್ದಿ ಎತ್ತಬೇಡ."

ಇಲ್ಲಿ ಒಂದು ಸಂಗತಿ ಹೇಳಬೇಕು. ಆ ವಿಡಿಯೋದಲ್ಲಿ ಕೂದಲು ಹಾರಿತಲ್ಲ, ಅವತ್ತು ಗಾಳಿ ಇರಲಿಲ್ಲ. ಎಲೆ ಅಲ್ಲಾಡುತ್ತಿರಲಿಲ್ಲ. ಬಾಡಿಗೆಯ ದೊಡ್ಡ ಫ್ಯಾನು ಬರಲೇ ಇಲ್ಲ. ಅಕ್ಕ ಟ್ಯಾಂಕಿನ ಪಕ್ಕ, ಕ್ಯಾಮೆರಾಕ್ಕೆ ಕಾಣದ ಹಾಗೆ ಕುಕ್ಕರಗಾಲಲ್ಲಿ ಕೂತು, ದೊಡ್ಡ ರಟ್ಟಿನ ತುಂಡು ಹಿಡಿದು ಬೆಳಿಗ್ಗೆಯಿಂದ ಹೊತ್ತು ಮುಳುಗುವ ತನಕ ಬೀಸಿದಳು. ಆಮೇಲೆ ಎಷ್ಟೋ ದಿನ ತಲೆ ಬಾಚಿಕೊಳ್ಳಲೂ ಅವಳ ಕೈ ಏಳಲಿಲ್ಲ. ಶೂಟಿಂಗಿನವರನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ. ಹಾಡಿನಲ್ಲಿ ಒಂದು ಕಡೆ, ರೆಪ್ಪೆ ಬಡಿಯುವಷ್ಟು ಹೊತ್ತು, ಮೂಲೆಯಲ್ಲಿ ಅವಳ ಬೆರಳು ಕಾಣುತ್ತದೆ. ಹಾಡು ಎಲ್ಲಿ ಬಂದರೂ ಗಾಯಕ ನೋಡುವುದು ಅದೊಂದನ್ನೇ.

"ಎತ್ತಲ್ಲ ಬಿಡು," ಎಂದವನು ಹೊರಡುವಾಗ ನಡುಮನೆಯಲ್ಲಿ ಒಂದು ಕುರ್ಚಿ ಕಂಡ. ಅಕ್ಕ ಟಿ.ವಿ.ಯನ್ನು ಯಾವತ್ತೂ ಅಡುಗೆಮನೆಯಿಂದಲೇ ಕೇಳುವವಳು. ಅವತ್ತು ಬೆಳಿಗ್ಗೆಯೇ ಟಿ.ವಿ. ಒರೆಸಿ, ಎದುರಿಗೆ ತನ್ನ ಕುರ್ಚಿ ಹಾಕಿ, ಅದರ ಮೇಲೆ ಕನ್ನಡಕ ಇಟ್ಟಿದ್ದಳು. ಇವತ್ತು ಏನಾದರೂ ಆಗಲಿ, ಹೇಳಿಯೇ ತೀರುತ್ತೇನೆ ಎಂದುಕೊಂಡ.

ಸ್ಟುಡಿಯೋ ಊರಿನ ಆ ತುದಿಯಲ್ಲಿತ್ತು. ಮಧ್ಯಾಹ್ನ ರಿಹರ್ಸಲ್. ಫೋನ್ ಮಾಡಿದ್ದ ಹುಡುಗಿಯೇ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಲೈಟಿಗೆ ಬಣ್ಣ ಸರಿಹೊಂದಬೇಕು, ಜಾಕೆಟ್ ಈಗಲೇ ಹಾಕಿಕೊಳ್ಳಿ ಎಂದಳು. ಮೇಕಪ್ಪೂ ಆಯಿತು. ಖಾಲಿ ಕುರ್ಚಿಗಳ ಎದುರು ನಿಲ್ಲಿಸಿ, ಸಂಜೆ ಏನು ಹೇಳುತ್ತೀರೋ ಅದನ್ನೇ ಹೇಳಿ, ಸಮಯ ನೋಡಿಕೊಳ್ಳುತ್ತೇವೆ ಎಂದಳು. ಅಕ್ಕನ ಮಾತನ್ನು ಖಾಲಿ ಕುರ್ಚಿಗಳ ಮುಂದೆ ಆಡಲು ಗಾಯಕನಿಗೆ ಮನಸ್ಸು ಬರಲಿಲ್ಲ. ಮೆಟ್ಟಿಲ ಮೇಲೆ ಕಲಿತದ್ದನ್ನು ಗಡಗಡ ಒಪ್ಪಿಸಿದ. ಮ್ಯಾನೇಜರು ಸಮೇತ, ಒಂದು ಉಸಿರೂ ಹೆಚ್ಚಿಲ್ಲ.

"ಸೂಪರ್ ಸಾರ್. ಸಂಜೆನೂ ಹಿಂಗೇ ಇರಲಿ," ಎಂದಳು ಹುಡುಗಿ. ಕ್ಯಾಮೆರಾದ ಕೆಂಪು ದೀಪ ಯಾಕೆ ಉರಿಯುತ್ತಿದೆ ಎಂದು ಕೇಳಿದ. ಅದು ಸುಮ್ಮನೆ ಇರಲಿ ಅಂತ ಸಾರ್, ಎಂದಳು.

ಸಂಜೆ ಸಭಾಂಗಣ ತುಂಬಿತು. ಹೆಸರು ಕರೆದರು. ಭಾರವಾದ ಹೊಳೆಯುವ ಪ್ರಶಸ್ತಿ ಕೈಗೆ ಬಂತು. ಮೈಕಿನ ಎದುರು ನಿಂತಾಗ ಗಾಯಕನಿಗೆ ಟ್ಯಾಂಕು ನೆನಪಾಯಿತು, ಜಾಕೆಟ್ಟು ನೆನಪಾಯಿತು, ಅವೆರಡರ ನಡುವೆ ಆ ರಟ್ಟಿನ ತುಂಡು ಮೇಲೆ ಕೆಳಗೆ ಆಡುವುದು ನೆನಪಾಯಿತು. ಓನರ್ ಮನೆ ಖಾಲಿ ಮಾಡಿಸಿದರೆ ಮಾಡಿಸಲಿ.

"ನನ್ನ ಕೂದಲು ಹಾರಿದ್ದನ್ನ ನೀವೆಲ್ಲ ನೋಡಿದ್ರಿ," ಎಂದ. "ಗಾಳಿ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಟ್ಯಾಂಕಿನ ಪಕ್ಕ ನಮ್ಮ ಅಕ್ಕ ಕೂತಿದ್ಲು. ಬೆಳಿಗ್ಗೆಯಿಂದ ಕತ್ತಲಾಗೋ ತನಕ ರಟ್ಟು ಹಿಡಿದು ಬೀಸಿದ್ಲು. ವಿಡಿಯೋದಲ್ಲಿ ಅವಳಿಲ್ಲ. ಸಿನಿಮಾದಲ್ಲೂ ಇಲ್ಲ. ಆದ್ರೆ ಇವತ್ತಿನ ತನಕ ನಾನು ಬದುಕಿರೋದು ಆ ಗಾಳಿಯಲ್ಲೇ."

ಇನ್ನೂ ಏನೇನೋ ಹೇಳಿದ. ಮಾತಿನ ಮಧ್ಯೆ ಕಣ್ಣು ಸುರಿಯಿತು, ಮೂಗು ಸುರಿಯಿತು, ಕರವಸ್ತ್ರ ಸಿಗದೆ ಹಳದಿ ತೋಳಿನಲ್ಲೇ ಒರೆಸಿಕೊಂಡ. ಕೆಳಗೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಪರದೆಯ ಹಿಂದೆ ಬಂದಾಗ ಮೇಕಪ್ಪಿನವಳು ತಾನೇ ಅಳುತ್ತಿದ್ದಳು. ಚಾನೆಲ್ಲಿನ ಹುಡುಗಿ ಮಾತ್ರ ಅವನ ಕೈಯಿಂದ ಪ್ರಶಸ್ತಿಯನ್ನು ಮೆತ್ತಗೆ ಬಿಡಿಸಿಕೊಂಡಳು. "ಒಂದೇ ಇರೋದು ಸಾರ್, ಮುಂದಿನವರಿಗೂ ಇದನ್ನೇ ಕೊಡಬೇಕು. ನಿಮ್ಮದು ಆಮೇಲೆ ಬರುತ್ತೆ." ಬರಲಿ ಬಿಡಮ್ಮ ಎಂದ. ಅವನಿಗೆ ಅವತ್ತು ಕೈ ಖಾಲಿ ಇದ್ದದ್ದೂ ಹಗುರವಾಗಿಯೇ ಇತ್ತು.

ಟ್ಯಾಕ್ಸಿಯಲ್ಲಿ ಕೂತ ಮೇಲೆ ಹೆದರಿಕೆ ಶುರುವಾಯಿತು. ಮನೆಗೆ ಹೋಗಬೇಕಾದರೆ ಆ ಮೆಟ್ಟಿಲನ್ನೇ ಹತ್ತಬೇಕು. ಟೈಲರ್ ಇನ್ನು ಗುಂಡಿ ಕೂಡ ಹಾಕಿಕೊಡುವುದಿಲ್ಲ. ಡಾಕ್ಟರು ಎರಡು ಹಲ್ಲನ್ನೂ ವಾಪಸ್ ಕೇಳಿದರೆ ಕೊಡಬೇಕಾಗುತ್ತದೆ. ದಾರಿಯುದ್ದಕ್ಕೂ ಒಬ್ಬೊಬ್ಬರಿಗೂ ಒಂದೊಂದು ಕ್ಷಮೆ ತಯಾರು ಮಾಡಿಕೊಂಡ. ಆದರೂ ಟಿ.ವಿ. ಎದುರಿನ ಕುರ್ಚಿ ನೆನಪಾದಾಗಲೆಲ್ಲ ತುಟಿಯ ಮೇಲೆ ನಗು ಬರುತ್ತಿತ್ತು.

ಕಟ್ಟಡದ ಬಾಗಿಲಲ್ಲೇ ಟೈಲರ್ ಕಾದಿದ್ದ. ಗಾಯಕ ಕೈ ಮುಗಿಯುವ ಮೊದಲೇ ಅವನು ಬಂದು ಗಟ್ಟಿಯಾಗಿ ತಬ್ಬಿಕೊಂಡ. ಮೆಟ್ಟಿಲ ದೀಪ ಉರಿಯುತ್ತಿತ್ತು. ಕರೆಂಟು ಖರ್ಚು ಅಂತ ಓನರ್ ಅದನ್ನು ಹಾಕಿದ್ದನ್ನೇ ಯಾರೂ ಕಂಡಿರಲಿಲ್ಲ. ಓನರ್ ಅವನ ಭುಜ ತಟ್ಟಿದರು, ಡಾಕ್ಟರು ಕೈ ಕುಲುಕಿದರು, ಭಾವನ ಕಣ್ಣು ಒದ್ದೆಯಾಗಿತ್ತು. ಗಾಯಕನಿಗೆ ಎದೆ ತುಂಬಿ ಬಂತು. ಎಂಥ ಜನ ಇವರು, ತಮ್ಮನ್ನು ಬಿಟ್ಟು ಅಕ್ಕನನ್ನು ನೆನೆದರೂ ಇಷ್ಟು ಸಂತೋಷಪಡುತ್ತಾರಲ್ಲ ಎಂದುಕೊಂಡ.

"ನಿಮ್ಮೆಲ್ಲರ ದೊಡ್ಡ ಮನಸ್ಸು," ಎಂದ.

"ನಮ್ಮದೇನು ಬಂತು, ಎಲ್ಲ ನಿನ್ನ ನಾಲಿಗೆಯ ಚಳಕ," ಎಂದರು ಭಾವ. "ಮ್ಯಾನೇಜರು ಆಗಲೇ ಫೋನ್ ಮಾಡಿದ್ರು."

ಸಂಜೆ ಗಾಯಕ ಮ್ಯಾನೇಜರ ಹೆಸರೇ ಎತ್ತಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಚಾನೆಲ್ಲಿನ ಹುಡುಗಿಗೆ ಫೋನ್ ಹಚ್ಚಿದ. ಅವಳು ಖುಷಿಯಲ್ಲೇ ಇದ್ದಳು. ಸಂಜೆ ಸಮಯ ಮೀರಿತು ಸಾರ್, ಮೇಕಪ್ಪೂ ಕೆಟ್ಟಿತ್ತು, ಮೂಗಿನದೂ ಕಾಣುತ್ತಿತ್ತು, ಅದಕ್ಕೆ ನಿರ್ದೇಶಕರು ಮಧ್ಯಾಹ್ನದ್ದನ್ನೇ ಹಾಕಿದರು, ಚಪ್ಪಾಳೆ ಮಾತ್ರ ಸಂಜೆಯದು, ಯಾರಿಗೂ ಗೊತ್ತಾಗಲಿಲ್ಲ, ಎಂದಳು.

"ನೇರ ಪ್ರಸಾರ ಅಂತ ವೇದಿಕೆ ಮೇಲೇ ಬರೆದಿತ್ತಲ್ಲಮ್ಮ?"

"ಅದು ಯಾವಾಗಲೂ ಇರುತ್ತೆ ಸಾರ್."

ಸಂಜೆಯದನ್ನು ಕೊಡುತ್ತೀರಾ ಎಂದು ಕೇಳಿದ. ಅದನ್ನು ಆಗಲೇ ಅಳಿಸಿಯಾಯಿತು ಎಂದಳು. ಜೀವನವಿಡೀ ಮೊದಲೇ ರೆಕಾರ್ಡಾದ ತನ್ನದೇ ಹಾಡಿಗೆ ತುಟಿ ಆಡಿಸಿದವನು, ಒಂದೇ ಒಂದು ಸಲ ಬಾಯಿ ಬಿಚ್ಚಿ ನಿಜ ಹೇಳಿದರೆ ಹೀಗಾಯಿತು.

ಮನೆಯೊಳಗೆ ಕುರ್ಚಿ ಅಲ್ಲೇ ಇತ್ತು, ಕನ್ನಡಕ ಮಡಿಸಿ ಇಟ್ಟಿತ್ತು. ಅಕ್ಕ ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಿದ್ದಳು.

"ಚೆನ್ನಾಗಿತ್ತು," ಎಂದಳು. "ಒಬ್ಬರನ್ನೂ ಬಿಡಲಿಲ್ಲ ನೀನು."

ಆ ಮಾತು ಸಿನಿಮಾ ನಾಯಕ ಕೊಟ್ಟ ಏಟಿಗಿಂತ ಜೋರಾಗಿ ಬಿತ್ತು. ಹೇಳಿದ್ದೆ ಅಕ್ಕ, ಅವರು ಅದನ್ನು ಬಿಟ್ಟು ರಿಹರ್ಸಲ್ಲಿನದನ್ನು ಹಾಕಿದರು ಎಂದ. ಇರಲಿ ಬಿಡು, ಊಟ ಮಾಡು ಎಂದಳು, ನಂಬಿದವಳ ಹಾಗೆ ಏನೂ ಕಾಣಲಿಲ್ಲ. ಗಾಯಕ ತಟ್ಟೆ ಮುಟ್ಟಲಿಲ್ಲ. ಒಲೆಯ ಪಕ್ಕ ನಿಂತು, ಮೈಕಿಲ್ಲದೆ, ಗಾಳಿಯಿಂದ ಹಿಡಿದು ಬೆರಳಿನ ತನಕ ಅಷ್ಟನ್ನೂ ಮತ್ತೆ ಹೇಳಿದ. ಮೂಗು ಅದೇ ಜಾಗದಲ್ಲಿ ಮತ್ತೆ ಸುರಿಯಿತು. ಅಕ್ಕ ಬೆನ್ನು ತಿರುಗಿಸಿಕೊಂಡು ಅದೇ ಒಂದು ತಟ್ಟೆಯನ್ನು ಒರೆಸುತ್ತಲೇ ಇದ್ದಳು. ಮುಗಿದ ಮೇಲೆ ತಟ್ಟೆ ಕೆಳಗಿಟ್ಟು ಕೇಳಿದಳು.

"ಇದು ರಿಹರ್ಸಲ್ಲೋ, ನಿಜದ್ದೋ?"

"ನಿಜದ್ದು ಅಕ್ಕ."

"ಇಲ್ಲ, ಇದು ರಿಹರ್ಸಲ್." ಅವಳು ಬರಿ ಕೈಯಲ್ಲೇ ಕಣ್ಣೊರೆಸಿಕೊಂಡು ಮೆಟ್ಟಿಲ ಬಾಗಿಲಿಗೆ ಹೋಗಿ ಕರೆದಳು. "ಎಲ್ಲರೂ ಒಳಗೆ ಬನ್ನಿ. ಇವನು ಏನೋ ಹೇಳಬೇಕಂತೆ."

ಸುದ್ದಿ ಎತ್ತಬೇಡ ಎಂದಿದ್ದವಳು ಇವಳೇ. ಟೈಲರ್ ಬಂದ, ಓನರ್ ಬಂದರು, ಡಾಕ್ಟರು ಬಂದರು, ಭಾವ ಗೋಡೆಗೊರಗಿ ನಿಂತರು. ಇನ್ನೊಂದು ಸಲ ತಮಗೇ ಥ್ಯಾಂಕ್ಸ್ ಬರುತ್ತದೆ ಅಂತ ಎಲ್ಲರ ಮುಖವೂ ಅರಳಿತ್ತು. ಅಕ್ಕ ಟಿ.ವಿ. ಆರಿಸಿ, ಕುರ್ಚಿಯನ್ನು ತಮ್ಮನ ಕಡೆ ತಿರುಗಿಸಿ ಕೂತು, ಕನ್ನಡಕ ಹಾಕಿಕೊಂಡಳು. ಪ್ರಶಸ್ತಿಯಿಲ್ಲದ, ತೋಳು ಒದ್ದೆಯಾದ ಗಾಯಕ ಅಕ್ಕನ ಮಾತು ಹೇಳಲು ಅವತ್ತು ಮೂರನೇ ಸಲ ಗಂಟಲು ಸರಿಮಾಡಿಕೊಂಡ. ಇದು ಮುಗಿದ ಮೇಲೆ ಈ ನಾಲ್ವರ ಮುಖ ಹೇಗಿರುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಓನರ್ ಅಭ್ಯಾಸಬಲದಿಂದ ತೋಳು ಮೇಲೆ ಸರಿಸಿ ಗಡಿಯಾರ ನೋಡತೊಡಗಿದರು.

"ಅದನ್ನ ಮುಚ್ಚಿಡಿ ಸಾರ್," ಎಂದಳು ಅಕ್ಕ. "ನಾನು ಬೀಸಿದ್ದು ಒಂದು ನಿಮಿಷ ಅಲ್ಲ."