ಶಿಕಾರಿ ಹೊಲದ ವಾಡೆ ಮಾರುವುದಿದೆ

ಮನೆಯೊಂದನ್ನು ಮಾರಾಟಕ್ಕಿಟ್ಟ ಕೂಡಲೇ ಅದಕ್ಕೊಂದು ಇತಿಹಾಸ ಹುಟ್ಟಿಕೊಳ್ಳುತ್ತದೆ. ಅಲ್ಲಿಯವರೆಗೆ ಅದರಲ್ಲಿ ಇಲಿಗಳಷ್ಟೇ ಇರುತ್ತವೆ. ಹಲಗೇರಿ ಹತ್ತಿರವಿರುವ ನನ್ನ ಹೆಂಡತಿಯ ತವರಿನ ವಾಡೆಯೂ ಅಂಥದ್ದೇ. ಹಾಕಿದರೆ ತೆರೆಯದ, ತೆರೆದರೆ ಹಾಕಲು ಬಾರದ ಬಾಗಿಲುಗಳ ಆ ಮನೆಗೆ ಅವಳ ಅಣ್ಣ, ಅಂದರೆ ನನ್ನ ಭಾವ, ಒಡೆಯರು. ಅದು ಮಾರಿಹೋದರೆ ಹೆಂಡತಿಯ ಪಾಲಿನಲ್ಲಿ ಹಾವೇರಿಯಲ್ಲೊಂದು ಸ್ವಂತ ಮನೆ ಮಾಡಬೇಕೆಂಬುದು ನಮ್ಮಿಬ್ಬರ ಆಸೆ. ಬಾಡಿಗೆ ಮನೆಯ ಗೋಡೆಗೊಂದು ಮೊಳೆ ಹೊಡೆಯಲೂ ಮಾಲೀಕನ ಅಪ್ಪಣೆ ಕೇಳಿ ಕೇಳಿ ನನಗೆ ಸಾಕಾಗಿತ್ತು.

ಕನ್ನಡ ಮಾಸ್ತರಿಕೆ ಮಾಡಿ ನಿವೃತ್ತನಾದವನೆಂದು ಜಾಹೀರಾತು ಬರೆಯುವ ಕೆಲಸ ನನಗೇ ಬಂತು. "ಮಾಸ್ತರ, ಶಿಕಾರಿ ಮಾತು ಬರಲೇಬೇಕ್ ನೋಡ್ರಿ," ಎಂದರು ಭಾವ. ಅವರ ಅಜ್ಜ ಮನೆ ಹಿಂದಿನ ಹೊಲದಲ್ಲಿ ಚಿಗರಿ, ಅಂದರೆ ಕೃಷ್ಣಮೃಗ, ಹೊಡೆಯುತ್ತಿದ್ದರಂತೆ. ಈಗ ಅದೇ ಹೊಲಕ್ಕೆ ಚಿಗರಿಗಳು ಹಾಡಹಗಲೇ ಬಂದು ಗೋವಿನಜೋಳ ತಿಂದು, ತಾಟು ಬಡಿಯುತ್ತ ಓಡಿಬರುವ ಮೊಮ್ಮಗನನ್ನು, ಅಂದರೆ ನಮ್ಮ ಭಾವನನ್ನು, ಆರಾಮಾಗಿ ನಿಂತು ನೋಡುತ್ತವೆ. ಮೂವತ್ತು ಚಿಲ್ಲರೆ ವರ್ಷ ಈ ಶಿಕಾರಿ ಪುರಾಣ ಕೇಳಿ ಬೆನ್ನಹಿಂದೆ ನಕ್ಕವನು ನಾನು. ಹುಲ್ಲು ಮೇಯುವ ಪ್ರಾಣಿಯನ್ನು ಕೊಂದು ಮೀಸೆ ತಿರುವುವುದೂ ಒಂದು ಗಂಡಸ್ತನವೇ? ಆದರೂ ಪೆನ್ನು ಕೈಗೆ ಬಂದರೆ ನನಗೆ ಹಿಡಿತವಿಲ್ಲ. "ಐತಿಹಾಸಿಕ ವಾಡೆ, ಬೇಟೆಗೆ ಹೇಳಿ ಮಾಡಿಸಿದ ಹೊಲದೊಂದಿಗೆ" ಎಂದು ಬರೆದು, ಪಡಸಾಲೆ ಗೋಡೆಯ ಚಿಗರಿ ಕೊಂಬಿನ ಚಿತ್ರ ಸೇರಿಸಿ, ಫೋನಿನಲ್ಲಿ ಊರಿಗೆಲ್ಲ ಹಂಚಿದೆ.

ಗಿರಾಕಿ ಬಂದಾನೆಂದು ನಾನೂ ಹೆಂಡತಿಯೂ ಹೋಗಿ ವಾಡೆಯಲ್ಲಿ ಕೂತಿದ್ದೆವು. ಬಂದವನು ಅರಣ್ಯ ಇಲಾಖೆಯ ಗಾರ್ಡ್. ಚಿಗರಿ ಹೊಡೆಯುವುದಿರಲಿ, ಕೊಂಬು ಮನೆಯಲ್ಲಿಟ್ಟರೂ ಕೇಸು ಎಂದ. ಕೇಸು ಬಿದ್ದ ವಾಡೆಯನ್ನು ಯಾರು ಕೊಳ್ಳುತ್ತಾರೆ? ಜಾಹೀರಾತು ಬರೆದವರು ಯಾರೆಂದು ಆತ ಕೇಳಿದಾಗ ಭಾವ ತಡಮಾಡದೆ ನನ್ನ ಕಡೆ ಬೆರಳು ತೋರಿಸಿದರು. ಆಮೇಲೆ ಕೊಂಬಿಳಿಸಿ ಕೀಲಿಕೈಯಿಂದ ಕೆರೆದರು. ಕರಿ ಬಣ್ಣದಡಿ ಬೇವಿನ ಕಟ್ಟಿಗೆ ಕಂಡಿತು.

"ಬ್ಯಾಡಗಿ ಬಡಿಗ್ಯಾ ಮಾಡಿದ್ದರಿ ಸಾಹೇಬ್ರ. ನಮ್ಮಜ್ಜಗ ಬಂದೂಕು ಹಿಡಿಯಾಕೂ ಬರ್ತಿದ್ದಿಲ್ಲ," ಎಂದರು, ನಾಚಿಕೆಯ ಲವಲೇಶವಿಲ್ಲದೆ.

ಈ ಮನೆತನದವರು ಎಂದೂ ಬೇಟೆಯಾಡಿದವರಲ್ಲ ಎಂದು ನಾನೇ ಹೇಳಿಕೆ ಬರೆದೆ, ಭಾವ ಸಹಿ ಹಾಕಿದರು, ಗಾರ್ಡ್ ಚಹಾ ಕುಡಿದು ಹೋದ. ವಾಡೆ ಬಚಾವಾಯಿತು. ನನಗೆ ಮಾತ್ರ ಎಲ್ಲಿಲ್ಲದ ಸಿಟ್ಟು. ಬಾಯಲ್ಲಿ ನಕ್ಕರೂ ಆ ಕಥೆಯನ್ನು ಒಳಗೊಳಗೇ ನಂಬಿದ್ದವನು ಇಡೀ ಮನೆಯಲ್ಲಿ ನಾನೊಬ್ಬನೇ. ಶಾಲೆಯಲ್ಲಿ ಮಕ್ಕಳೆದುರು ನಮ್ಮ ಮಾವನವರ ಮನೆತನ ಎಂದು ಎದೆಯುಬ್ಬಿಸಿದ್ದೂ ಉಂಟು.

ಹಾವೇರಿ ಬಸ್ಸಿನಲ್ಲಿ ಹೆಂಡತಿಯನ್ನು ಕೇಳಿದೆ, ಇಷ್ಟು ದೊಡ್ಡ ಸುಳ್ಳು ಯಾರಿಗಾಗಿ ಎಂದು. ಅವಳು ಕಿಟಕಿಯಾಚೆ ನೋಡುತ್ತ, "ನೀವು ಹೆಣ್ಣು ನೋಡಾಕ ಬರ್ತೇವಿ ಅಂತ ಹೇಳಿ ಕಳಿಸಿದ್ರಲ್ಲ, ಆ ವಾರ ನಮ್ಮಪ್ಪಾರು ಮಾಡಿಸಿ ಹಾಕಿದ್ದರಿ," ಎಂದಳು.

ಅಂದು ಆ ಕೊಂಬಿನ ಕೆಳಗೆ ಕೂತು, ಉಪ್ಪಿಟ್ಟು ತಿನ್ನುವುದನ್ನೂ ಮರೆತು, ಹೂಂ ಎಂದವನು ನಾನು. ಹಾಗಾದರೆ ಗಾರ್ಡಿಗೆ ಬರೆದುಕೊಟ್ಟದ್ದು ಸುಳ್ಳು ಹೇಳಿಕೆ. ಆ ಮನೆತನದವರು ಒಂದೇ ಒಂದು ಬೇಟೆಯಾಡಿದ್ದಾರೆ, ಅದೂ ಬಂದೂಕಿಲ್ಲದೆ. ಬಿದ್ದ ಪ್ರಾಣಿ ಮೂವತ್ತು ಚಿಲ್ಲರೆ ವರ್ಷಗಳಿಂದ ಹಾವೇರಿಯ ಬಾಡಿಗೆ ಮನೆಯಲ್ಲಿದೆ.