ಡ್ರೋನಿಗೆ ಕಟ್ಟಿಕೊಟ್ಟ ಬುತ್ತಿ

ಆಕಾಶದಿಂದ ಏನೇ ಇಳಿದರೂ ಅದು ತನ್ನ ಕಣದಲ್ಲೇ ಇಳಿಯಬೇಕು ಎಂದು ಬೋರಲಿಂಗಯ್ಯ ತೀರ್ಮಾನಿಸಿಬಿಟ್ಟಿದ್ದ. ಚನ್ನಪಟ್ಟಣದಿಂದ ಡ್ರೋನಿನಲ್ಲಿ ಔಷಧಿ ಕಳಿಸುವವರು ವಿರೂಪಾಕ್ಷಿಪುರದ ಸುತ್ತಮುತ್ತ ಜಾಗ ಹುಡುಕುತ್ತ ಬಂದು, ದೂಳೇಳದ ನೆಲ ಬೇಕು ಎಂದದ್ದೇ ತಡ, ರಾಗಿ ಒಕ್ಕುವ ಕಣಕ್ಕೆ ಎರಡು ಸಲ ಸಗಣಿ ಸಾರಿಸಿ, ನಡುವೆ ಸುಣ್ಣದಲ್ಲಿ ವೃತ್ತ ಬರೆದು, "ನೋಡ್ಕಳಿ, ಬೆಂಗಳೂರಲ್ಲೂ ಇಂಥ ರನ್‌ವೇ ಇಲ್ಲ" ಎಂದ.

ಎರಡು ಸಲ ಡ್ರೋನು ಬರಿಗೈಯಲ್ಲಿ ಬಂದು ಹೋಗಿತ್ತು. ಔಷಧಿಯ ಡಬ್ಬಿ ಹೊತ್ತು ಬರುವುದು ಇವತ್ತೇ ಮೊದಲು, ಪರೀಕ್ಷೆಯಲ್ಲಿ ಇದೇ ಕೊನೆ. ಇದು ಸರಿಹೋದರೆ ವಾರಕ್ಕೊಮ್ಮೆ ಹಾರಾಟ. ಪಕ್ಕದ ಮನೆಯ ಸಾಬಿರಾ ಇನ್ಸುಲಿನ್ ತರಲು ಐಸ್ ತುಂಬಿದ ಫ್ಲಾಸ್ಕ್ ಹಿಡಿದು ಬಸ್ಸು ಕಾಯುವುದು ತಪ್ಪುತ್ತದೆ. ಕೆಟ್ಟರೆ ಡ್ರೋನು ಪಕ್ಕದೂರಿನ ಲಕ್ಕಯ್ಯನ ಕಣದ ಪಾಲು. ಸಾಬಿರಾಳ ಕಷ್ಟ, ಲಕ್ಕಯ್ಯನ ನಗು, ಎರಡನ್ನೂ ಬೋರಲಿಂಗಯ್ಯ ಸಹಿಸಲಾರ.

ಹತ್ತೂವರೆಗೆ ತೆಂಗಿನ ಗರಿಗಳ ಮೇಲೆ ಜೇನೆದ್ದಂಥ ಸದ್ದು ಕೇಳಿತು. ಬಿಳಿಯ ಯಂತ್ರ ಬಿಸಿಲನ್ನೇ ಹೊತ್ತು ತಂದಂತೆ ಬಂದು ವೃತ್ತದ ನಡುವೆ ಕಾಲೂರಿತು. ಚಿಟಿಕೆ ದೂಳೂ ಏಳಲಿಲ್ಲ. ಬೋರಲಿಂಗಯ್ಯ ತಾನೇ ಇಳಿದವನಂತೆ ಸುತ್ತ ನೋಡಿದ.

ಡ್ರೋನು ನಡೆಸುವ ಭಾನುಪ್ರಿಯ ಔಷಧಿಯನ್ನು ಹಂಚಿ, ಡಬ್ಬಿಯನ್ನು ಜಗಲಿಯ ನೆರಳಿಗಿಟ್ಟು, ಬ್ಯಾಟರಿ ಬದಲಿಸಲು ಕೂತಳು. "ಎರಡು ಕೆಜಿ ದಾಟಿದ್ರೆ ಇದು ಹಾರಲ್ಲ. ಈಗ ಖಾಲಿ ಡಬ್ಬಿ, ಚಿಂತೆಯಿಲ್ಲ."

ಆದರೆ ಬೇರೆಯವರ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಔಷಧಿ ಕಳಿಸಿದ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಏನೆಂದುಕೊಂಡಾರು? ಬೋರಲಿಂಗಯ್ಯ ಸುಲಿದ ತೆಂಗಿನಕಾಯಿ ಎರಡನ್ನು ತಂದು ಡಬ್ಬಿಯ ತಳದಲ್ಲಿಟ್ಟು, ಮೇಲೆ ಸ್ಪಂಜಿನ ಹಾಳೆ ಮುಚ್ಚಿದ. ಒಂದೂಕಾಲು ಕೆಜಿ. ಲೆಕ್ಕಾಚಾರದ ಮನುಷ್ಯ ಅವನು.

ಅರ್ಧ ಗಂಟೆಯ ಮೇಲೆ, "ನೀವು ಯಂತ್ರ ನೋಡ್ಕಳಿ ಮೇಡಂ, ಡಬ್ಬಿ ನಾನು ಸಿಕ್ಕಿಸ್ತೀನಿ" ಎಂದು ಎತ್ತಿದ. ಎರಡು ಕಾಯಿ ಇಷ್ಟು ತೂಗುವುದುಂಟೇ ಎನಿಸಿತು. ಕೇಳುವುದು ಯಾರನ್ನು?

ಡ್ರೋನು ಆಳೆತ್ತರ ಎದ್ದಿತು. ಏನೋ ಯೋಚಿಸಿದಂತೆ ನಿಂತಿತು. ಮೆಲ್ಲಗೆ ಇಳಿದು ಕೂತಿತು. ಮತ್ತೆ ಎದ್ದಿತು, ಮತ್ತೆ ಕೂತಿತು.

"ಮೂಡಲ ಗಾಳಿ ಮೇಡಂ" ಎಂದ ಬೋರಲಿಂಗಯ್ಯ. ಮೂರನೆಯ ಸಲ ಕೂತಾಗ, "ಬ್ಯಾಟ್ರಿ ಇನ್ನೂ ಎಳೇದು, ಒಸಿ ಬಲೀಬೇಕು" ಎಂದ.

ಭಾನುಪ್ರಿಯ ಕಚೇರಿಗೆ ಫೋನು ಹಚ್ಚಿದಳು. ಆ ಕಡೆಯ ದನಿ ಎಲ್ಲರಿಗೂ ಕೇಳಿಸಿತು: "ಅಲ್ಲಿ ಬೇಡ ಬಿಡಿ. ನಾಳೆ ಲಕ್ಕಯ್ಯನವರ ಜಾಗ ನೋಡೋಣ."

ಬೋರಲಿಂಗಯ್ಯ ಡಬ್ಬಿಯ ಕಡೆ ನೋಡಿದ. ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಕಣ. ಅಷ್ಟರಲ್ಲಿ ಅವನ ಹೆಂಡತಿ ಕೆಂಚಮ್ಮ ಮುಂದೆ ಬಂದಳು. "ತಪ್ಪು ನಂದು ಕಣವ್ವ. ಬರೀ ಡಬ್ಬಿ ಕಳಿಸ್ಬಾರ್ದು ಅಂತ ಒಸಿ ಅವರೆಕಾಯಿ ಇಕ್ದೆ."

ಹೋದ ಜೀವ ಬಂದಂತಾಯಿತು ಬೋರಲಿಂಗಯ್ಯನಿಗೆ. "ವಿಜ್ಞಾನ ಆಕಾಸಕ್ಕೆ ಏರ್ತಾ ಐತೆ, ನೀನು ಅದರ ಕಾಲಿಗೆ ಅವರೆಕಾಯಿ ಕಟ್ಟಿದ್ದೀಯಲ್ಲಮ್ಮಿ. ಊರಿನ ಮಾನ, ತಾಲ್ಲೂಕಿನ ಮಾನ..."

"ಅವಳನ್ನ ಬೈಬೇಡ ಬೋರಣ್ಣ" ಎಂದಳು ಸಾಬಿರಾ. "ಅವರೆಕಾಯಿ ಕಂಡು, ಓಹೋ ಎಲ್ಲಾರೂ ಇಕ್ತಾವ್ರೆ ಅಂತ ನಾನೂ ಆರು ನಾಟಿ ಮೊಟ್ಟೆ ಇಟ್ಟೆ."

ಭಾನುಪ್ರಿಯ ಡಬ್ಬಿ ಬಿಚ್ಚಿ ಒಂದೊಂದನ್ನೇ ತೂಗಿದಳು. ಮೊಟ್ಟೆ ಮುನ್ನೂರು ಗ್ರಾಂ. ಅವರೆಕಾಯಿ ಒಂದು ಕೆಜಿ. "ಇವೆರಡೇ ಆಗಿದ್ರೆ ಹಾರ್ಬೇಕಿತ್ತಲ್ಲ" ಎಂದು ಸ್ಪಂಜು ಎತ್ತಿದಳು. ಜುಟ್ಟು ಬಿಟ್ಟ ಎರಡು ತೆಂಗಿನಕಾಯಿ ಎಲ್ಲರನ್ನೂ ನೋಡಿದವು.

ಕೆಂಚಮ್ಮ ಗಂಡನ ಕಡೆ ತಿರುಗಿದಳು. "ಈ ಕಾಯಿ ಯಾವ ತಾಲ್ಲೂಕಿಂದು?"

"ಬರೀ ಡಬ್ಬಿ ಹೆಂಗೆ ಕಳ್ಸೋದು ಕಣಮ್ಮಿ" ಎಂದ ಬೋರಲಿಂಗಯ್ಯ, ನೆಲ ನೋಡುತ್ತ.

ಖಾಲಿಯಾದ ಡ್ರೋನು ಹಕ್ಕಿಯಂತೆ ಎದ್ದು ತೋಟ ದಾಟಿತು. ಭಾನುಪ್ರಿಯ ನಗು ತಡೆದುಕೊಂಡು ಕಚೇರಿಗೆ ಹೇಳಿದಳು: "ಯಂತ್ರ ಚೆನ್ನಾಗಿದೆ ಸರ್. ಭಾರ ಹೆಚ್ಚಾದ್ರೆ ಸುರಕ್ಷಿತವಾಗಿ ಇಳಿಯುತ್ತಾ ಅನ್ನೋದೂ ಇವತ್ತು ಪರೀಕ್ಷೆ ಆಯ್ತು. ಮೂರು ಸಲ. ಜಾಗ ಇದೇ ಇರ್ಲಿ." ಕಣದ ಉಸ್ತುವಾರಿಯನ್ನು ಮಾತ್ರ, ಮೊದಲು ನಿಜ ಹೇಳಿದ ಕೆಂಚಮ್ಮನಿಗೆ ಒಪ್ಪಿಸಿದಳು.

ಮುಂದಿನ ವಾರ ಬೋರಲಿಂಗಯ್ಯ ಮೂರೂರಿನ ಜನರನ್ನು ಕರೆದು ತಂದಿದ್ದ. "ಏರ್‌ಪೋರ್ಟು ನಮ್ದು ಕಣ್ರಪ್ಪ. ನಡೆಸೋಳೂ ನಮ್ಮೋಳೇ." ಎದೆ ಉಬ್ಬಿತ್ತು; ಅದರಲ್ಲಿ ನಟನೆಯಿರಲಿಲ್ಲ.

"ಎಲ್ಲಾ ಸರಿ ಕಣ್ಲಾ ಬೋರ, ನಿಂದೇನ್ಲಾ ಕೆಲ್ಸ ಇಲ್ಲಿ?" ಎಂದ ಲಕ್ಕಯ್ಯ.

ಬೋರಲಿಂಗಯ್ಯ ಉತ್ತರಿಸಲೆಂದು, ಮಡಿಸಿದ ಟವಲ್ ಕಂಕುಳಲ್ಲಿ ಒತ್ತಿಕೊಂಡು, ಠೀವಿಯಿಂದ ಕಣದೊಳಕ್ಕೆ ಕಾಲಿಟ್ಟ. ಕೆಂಚಮ್ಮ ಕೈ ಅಡ್ಡ ಹಿಡಿದಳು. "ಮೊದಲು ಟವಲ್ ಒದರಿ. ಆಮ್ಯಾಕೆ ಒಳಿಕ್ಕೆ ಬನ್ನಿ."

ಮೂರೂರಿನ ಜನರ ಮುಂದೆ ಬೋರಲಿಂಗಯ್ಯ ಟವಲ್ ಒದರಿದ. ಸೀಬೆಹಣ್ಣೊಂದು ದೊಪ್ಪನೆ ಬಿತ್ತು.